ಅತ್ತೆ, ನಾನು, ನಡುವೆ ಒಂದು ಫ್ರಿಜ್ಜು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲನ್ನು ನಾನು ಮೊಣಕೈಯಿಂದ ತೆಗೆಯುತ್ತೇನೆ. ಅದಕ್ಕೂ ಮೊದಲು ಬೆರಳುಗಳ ಹಿಂಭಾಗವನ್ನು ಹಿಡಿಕೆಗೆ ಒಮ್ಮೆ ತಾಗಿಸಿ, ಕೆಂಡ ಮುಟ್ಟಿದವನ ಹಾಗೆ ಸರಕ್ಕನೆ ಹಿಂದಕ್ಕೆ ಎಳೆದುಕೊಂಡು, ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮೊಣಕೈ ಮುಂದೆ ಮಾಡುತ್ತೇನೆ. ಇದನ್ನು ಹೊಸದಾಗಿ ನೋಡಿದ ನೆಂಟರು ನನ್ನ ಹೆಂಡತಿ ಸುಧಾಳನ್ನು ಅಡುಗೆಮನೆಗೆ ಕರೆದು, "ಮೇಷ್ಟ್ರಿಗೆ ಕೈ ಏನಾರ ಬಿದ್ದೋಗಿದ್ದದಾ?" ಎಂದು ಮೆಲ್ಲಗೆ ವಿಚಾರಿಸುವುದುಂಟು. ಭಯಗಳಲ್ಲೂ ಮರ್ಯಾದಸ್ಥ ಭಯಗಳು ಎಂದು ಕೆಲವಿವೆ. ಹಾವಿಗೆ ಹೆದರಬಹುದು, ಮೇಲಧಿಕಾರಿಗೆ ಹೆದರಬಹುದು, ಹೆದ್ದಾರಿಯಲ್ಲಿ ಕಬ್ಬಿನ ಲಾರಿಯ ಹಿಂದೆ ಸ್ಕೂಟರಿನಲ್ಲಿ ಹೋಗಬೇಕಾಗಿ ಬಂದರೆ ಹೆದರಬಹುದು. ಯಾರೂ ನಗುವುದಿಲ್ಲ. ಆದರೆ ಕೊತ್ತಂಬರಿ ಸೊಪ್ಪು ಇಡುವ ಪೆಟ್ಟಿಗೆಗೆ ಹೆದರುವ ಗಂಡಸನ್ನು, ಅದರಲ್ಲೂ ಮಳವಳ್ಳಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಬೋಧಿಸುವ ಗಂಡಸನ್ನು, ಜನ ಗೌರವಿಸುವುದಿಲ್ಲ. ಅವರದೇನೂ ತಪ್ಪಿಲ್ಲ. ಆ ಮಧ್ಯಾಹ್ನ ನನ್ನ ಜಾಗದಲ್ಲಿ ಅವರು ಕೂತಿರಲಿಲ್ಲ, ಅಷ್ಟೆ.

ಈ ಫ್ರಿಜ್ಜು ನಮ್ಮ ಮನೆಗೆ ಬಂದದ್ದು ಸುಧಾಳ ಸಹೋದ್ಯೋಗಿಯೊಬ್ಬರ ಗೃಹಪ್ರವೇಶದ ದೆಸೆಯಿಂದ. ಸುಧಾ ನಿಡಘಟ್ಟದ ಶಾಲೆಯಲ್ಲಿ ಟೀಚರು. ಗೃಹಪ್ರವೇಶಕ್ಕೆ ಹೋಗಿ ಬಂದವಳು ಹೋಳಿಗೆಯ ವಿಷಯ ಹೇಳಲಿಲ್ಲ, ಮನೆಯ ವಿಷಯ ಹೇಳಲಿಲ್ಲ. "ಬೀರು ಥರ ಇದೆ ಕಣ್ರೀ. ಎರಡು ಬಾಗಿಲು, ಅಕ್ಕಪಕ್ಕ. ಎರಡನ್ನೂ ಒಟ್ಟಿಗೇ ತೆಗೆದ್ರೆ ಒಳಗೆ ಬೆಳ್ಳಗೆ ಬೆಳಕು" ಎಂದು ಕೈಗಳನ್ನು ಅಗಲಿಸಿ ತೋರಿಸಿದಳು. ಬಯಕೆ ಬೇರೆ, ಅಗತ್ಯ ಬೇರೆ ಎಂಬುದನ್ನು ನಾನು ಉದಾಹರಣೆ ಸಮೇತ ವಿವರಿಸಿದೆ. ತರಗತಿಯಲ್ಲಿ ಈ ಪಾಠಕ್ಕೆ ಮಕ್ಕಳು ಆಕಳಿಸುತ್ತಾರೆ. ಸುಧಾ ಆಕಳಿಸಲೂ ಇಲ್ಲ. ಆ ವಾರವೇ ಮದ್ದೂರಿನ ನಮ್ಮ ಬೀದಿಗೆ ಟೆಂಪೋ ಬಂತು.

ನಮ್ಮದು ಹಳೆಯ ಮನೆ. ಬಾಗಿಲಿಟ್ಟವರು ಇದರಲ್ಲಿ ಮನುಷ್ಯರು ಮಾತ್ರ ಓಡಾಡುತ್ತಾರೆ ಎಂದು ನಂಬಿದ್ದರು. ಫ್ರಿಜ್ಜು ನೇರವಾಗಿ ಹೋಗಲಿಲ್ಲ, ಓರೆಯಾಗಿ ಹೋಗಲಿಲ್ಲ. ಕೊನೆಗೆ ತಂದವರು ಅದರ ಎರಡೂ ಬಾಗಿಲುಗಳನ್ನು ಕಳಚಿ ಕಾಂಪೌಂಡಿಗೆ ಒರಗಿಸಿದರು. ಬಾಗಿಲಿಲ್ಲದ ಆ ದೊಡ್ಡ ಬಿಳಿಯ ಪೆಟ್ಟಿಗೆ ಅಂಗಳದಲ್ಲಿ ಬಾಯಿ ತೆರೆದುಕೊಂಡು ಬಿಸಿಲಿನಲ್ಲಿ ನಿಂತಿತ್ತು. ಪಕ್ಕದ ಮನೆಯ ಜಯಮ್ಮ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಒಳಗೆಲ್ಲ ಬಗ್ಗಿ ನೋಡಿ, "ಏನ್ ಮೇಷ್ಟ್ರೇ, ಇದ್ರೊಳಗೆ ಒಂದಾಳು ನೆಟ್ಟಗೆ ನಿಂತ್ಕಬೋದಲ್ಲ!" ಎಂದರು. ಅವರು ಮೆಚ್ಚುಗೆಯಿಂದಲೇ ಹೇಳಿದ್ದು. ಆದರೆ ಆ ಮಾತು ಕೇಳಿದ ಮೇಲೆ ನನಗೆ ಆ ಪೆಟ್ಟಿಗೆಯೊಳಗೆ ತರಕಾರಿ ಕಲ್ಪಿಸಿಕೊಳ್ಳುವುದು ಸ್ವಲ್ಪ ಕಷ್ಟವಾಯಿತು.

ಅಡುಗೆಮನೆಯಲ್ಲಿ ಜಾಗವಿಲ್ಲದೆ ಅದನ್ನು ಹಾಲಿನಲ್ಲಿ, ಅಡುಗೆಮನೆಯ ಬಾಗಿಲಿನ ಪಕ್ಕಕ್ಕೆ, ನಾವು ಊಟ ಮಾಡುವ ಮೇಜಿನ ಎದುರಿಗೆ ನಿಲ್ಲಿಸಿದರು. ಜೋಡಿಸಲು ಬಂದ ಕಂಪನಿಯವರು ಬಾಗಿಲು ಕೂರಿಸಿ, ಕಾಲು ತಿರುಗಿಸಿ ಮಟ್ಟ ಮಾಡಿ, ನೀರಿನ ಪೈಪು ಕೊಟ್ಟು, ಹೋಗುವ ಮುಂಚೆ ಅಂಗಳದ ಮೂಲೆಯ ಅರ್ತಿಂಗ್ ಗುಂಡಿಯನ್ನು ನೋಡಿದರು. ಅಲ್ಲಿ ನೆಲದಲ್ಲಿ ಹೂತ ಒಂದು ಕೊಳವೆ. ಮನೆಯ ಮೀಟರಿನಿಂದ ಒಂದು ತಂತಿ ಗೋಡೆಗುಂಟ ಇಳಿದು ಬಂದು ಅದಕ್ಕೆ ಬಿಗಿದುಕೊಂಡಿರುತ್ತದೆ. "ಫ್ರಿಜ್ಜಿನ ಮೈಗೆ ಕರೆಂಟು ಇಳಿದರೆ ಈ ತಂತಿ ಅದನ್ನ ಭೂಮಿಗೆ ಕೊಟ್ಟುಬಿಡುತ್ತೆ ಸಾರ್. ನೆಲ ಒಣಗಬಾರದು. ಆಗಾಗ ಒಂದು ಬಿಂದಿಗೆ ನೀರು ಹುಯ್ಯುತ್ತಿರಿ" ಎಂದರು. ನಾನು ತಲೆಯಾಡಿಸಿದೆ. ನೀರು ಹುಯ್ಯುವ ಕೆಲಸವನ್ನು ಅತ್ತೆ ವಹಿಸಿಕೊಂಡರು.

ಅತ್ತೆಯ ವಿಷಯ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಸುಧಾಳ ತಾಯಿ ಪುಟ್ಟತಾಯಮ್ಮ ಚಿಕ್ಕರಸಿನಕೆರೆಯವರು. ಮಂಡಿನೋವಿಗೆ ಔಷಧಿ ಮಾಡಿಸಲು ನಮ್ಮಲ್ಲಿಗೆ ಬಂದು, ಮಂಡಿ ವಾಸಿಯಾದ ಮೇಲೂ ಮಗಳ ಒತ್ತಾಯಕ್ಕೆ ಉಳಿದುಕೊಂಡಿದ್ದರು. ಊರಿನಲ್ಲಿ ಮಾವನೂ ಬಾಮೈದ ಮಂಜನೂ ಗದ್ದೆ ನೋಡಿಕೊಳ್ಳುತ್ತಿದ್ದರು. ಅತ್ತೆ ಹಳೆಯ ಕಾಲದ ರಿವಾಜಿನವರು. ಅಳಿಯನ ಎದುರಿಗೆ ಕೂರುವುದಿಲ್ಲ, ಅಳಿಯನ ಎದುರಿಗೆ ತಲೆಯ ಮೇಲಿನ ಸೆರಗು ಜಾರಿಸುವುದಿಲ್ಲ, ಅಳಿಯನ ಕೈಗೆ ಏನನ್ನೂ ನೇರವಾಗಿ ಕೊಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಳಿಯನ ಜೊತೆ ಮಾತಾಡುವುದಿಲ್ಲ. ಮದುವೆಯಾದಂದಿನಿಂದ ನಮ್ಮಿಬ್ಬರ ನಡುವಿನ ಮಾತುಕತೆಯೆಲ್ಲ ಸುಧಾಳ ಮೂಲಕವೇ ನಡೆದಿತ್ತು. "ಅಳೀಮಯ್ಯಾರು ಕಾಪಿ ಕುಡುದ್ರಾ ಕೇಳು" ಎಂದು ಅವರು ಅಡುಗೆಮನೆಯಿಂದ ಕೇಳಿದರೆ, ಮೂರು ಮಾರು ದೂರದಲ್ಲಿ ಕೂತ ನಾನು "ಕುಡಿದೆ ಅಂತ ಹೇಳು" ಎನ್ನುತ್ತಿದ್ದೆ. ಸುಧಾ ಇಬ್ಬರ ಮಾತನ್ನೂ ಇಬ್ಬರಿಗೂ ಇನ್ನೊಮ್ಮೆ ಹೇಳುವಷ್ಟು ಮೂರ್ಖಳಲ್ಲ. ಅವಳು ಸುಮ್ಮನೆ ಅಲ್ಲಿ ಇದ್ದರೆ ಸಾಕಿತ್ತು.

ತೊಂದರೆ ಇದ್ದದ್ದು ಸುಧಾ ಶಾಲೆಗೆ ಹೋದಾಗ. ಅತ್ತೆ ಮೊದಲೆಲ್ಲ ಅಡುಗೆಮನೆಯ ಬಾಗಿಲಿಗೆ ಹೇಳುತ್ತಿದ್ದರು, ಇಲ್ಲವೇ ಬೆಕ್ಕಿಗೆ. ಫ್ರಿಜ್ಜು ಬಂದ ಮೇಲೆ ಅವರಿಗೆ ಮಾತಾಡಲು ಒಂದು ಎತ್ತರದ, ಘನವಾದ, ಮುಖವಿರುವಂಥ ವಸ್ತು ಸಿಕ್ಕಿತು. ಬೆನ್ನು ನನ್ನ ಕಡೆ, ಮುಖ ಫ್ರಿಜ್ಜಿನ ಕಡೆ ಮಾಡಿ ನಿಂತು, ಒಂದು ಕೈಯನ್ನು ಅದರ ಹಿಡಿಕೆಯ ಮೇಲಿಟ್ಟು, "ಅಳೀಮಯ್ಯಾರು ಇಟ್ಟು ಉಣ್ತಾರೋ, ಅನ್ನ ಉಣ್ತಾರೋ?" ಎಂದು ಅದನ್ನು ಕೇಳುವರು. "ಮುದ್ದೆಯೇ ಇರಲಿ" ಎಂದು ನಾನೂ ಅದಕ್ಕೇ ಹೇಳುವೆ. ಕೆಲವು ಸಲ ಏನು ಕೇಳಬೇಕೆಂದು ತೋಚದೆ ಅವರು ಸುಮ್ಮನೆ ನಿಂತಿರುತ್ತಿದ್ದರು. ಅವರು ಬಾಯಿ ಬಿಡುವ ತನಕ ನಾನೂ ಪೇಪರು ಓದುತ್ತ ಕಾಯುತ್ತಿದ್ದೆ. ಇದು ನಮ್ಮ ಮನೆಯ ಪದ್ಧತಿಯಾಗಿತ್ತು. ಇದರಲ್ಲಿ ಪ್ರಾಣಾಪಾಯ ಇರಬಹುದು ಎಂದು ಯಾರಿಗೆ ತಾನೇ ಹೊಳೆಯಬೇಕು?

ಫ್ರಿಜ್ಜು ಮಾತ್ರ ಸುಮ್ಮನಿರುವ ಜಾತಿಯದಲ್ಲ. ನಮ್ಮ ಹಳೆಯದು ಗೊರಗೊರ ಎನ್ನುತ್ತಿತ್ತು, ಆದರೆ ಒಂದೇ ಸಮನೆ. ಅದಕ್ಕೆ ಅಜ್ಜಂದಿರ ಗೊರಕೆಯ ವಿಶ್ವಾಸಾರ್ಹತೆ ಇತ್ತು. ಇದು ಹಾಗಲ್ಲ. ಸುಮ್ಮನಿರುವುದು, ಸುಮ್ಮನಿರುವುದು, ಇದ್ದಕ್ಕಿದ್ದಂತೆ ಉಸ್ಸೆಂದು ಉಸಿರು ಬಿಡುವುದು. ಒಳಗೆ ಮಂಜುಗಡ್ಡೆ ತಾನೇ ತಯಾರಾಗಿ ತಾನೇ ಕೆಳಗೆ ಬೀಳುವಾಗ ಯಾರೋ ಮೂಳೆಗಳನ್ನು ಮೊರಕ್ಕೆ ಸುರಿದ ಸದ್ದಾಗುವುದು. ಬಾಗಿಲು ಕೊಂಚ ತೆರೆದಿದ್ದರೆ ಟಿಂ ಟಿಂ ಎಂದು ಕರೆಯುವುದು. ಅದರ ಬೆನ್ನ ಹಿಂದಿನ ಬೆಚ್ಚನೆಯ ಸಂದಿಯಲ್ಲಿ ಆಗಾಗ ಪರಪರ ಎಂಬ ಸದ್ದು. ಅತ್ತೆಗೆ ಇದಕ್ಕೆಲ್ಲ ಒಂದು ಕಾರಣ ಗೊತ್ತಿತ್ತು. ಫ್ರಿಜ್ಜಿನ ಎಡಗಡೆ ಭಾನುವಾರದ ಬಾಡು, ಬಲಗಡೆ ದೇವರ ಹೂವು. "ಒಂದೇ ಮಯ್ಯೊಳಗೆ ಎರಡೂ ಇಕ್ಕಿದ್ರೆ ಅದಕ್ಕಾರ ಎಂಗಾಗಬೇಡ ಯೇಳವ್ವ" ಎಂದು ಮಗಳನ್ನು ಕೇಳಿದರು. ನಡುವೆ ಗೋಡೆಯಿದೆ ಎಂದು ಸುಧಾ ಹೇಳಿದಳು. "ಗೋಡೆ ಅದೆ. ಉಸ್ರು ಒಂದೇ ಅಲ್ವಾ?" ಎಂದರು ಅತ್ತೆ. ಮಾರನೆಯ ದಿನ ಫ್ರಿಜ್ಜಿನ ಹಿಡಿಕೆಗೆ ಕರಿದಾರದಲ್ಲಿ ಒಂದು ನಿಂಬೆಹಣ್ಣೂ ನಾಲ್ಕು ಮೆಣಸಿನಕಾಯಿಯೂ ನೇತಾಡುತ್ತಿದ್ದವು. ನಾನು ನಕ್ಕೆ. ನಗು ಬಂದಾಗ ನಗುವುದರಲ್ಲಿ ನಾನು ಯಾವತ್ತೂ ಅವಸರದವನೇ.

ಮೊದಲು ಗೊತ್ತಾದದ್ದು ಸುಧಾಳಿಗೆ. "ರೀ, ಹಿಡಿಕೆ ಮುಟ್ಟಿದ್ರೆ ಬೆರಳು ಜುಂ ಅನ್ನುತ್ತೆ" ಎಂದಳು. ನಾನು ಎದ್ದು ಹೋಗಿ ಹಿಡಿದು ನೋಡಿದೆ. ಏನೂ ಇಲ್ಲ. ಇನ್ನೊಮ್ಮೆ ಹಿಡಿದೆ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಏನೂ ಇಲ್ಲ. ನನ್ನ ಹಿಮ್ಮಡಿ ನೋವಿಗೆಂದು ನಾನು ಮನೆಯೊಳಗೂ ರಬ್ಬರಿನ ಹವಾಯಿ ಚಪ್ಪಲಿ ಹಾಕಿಕೊಂಡಿರುತ್ತೇನೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಒಣಹವೆಯಲ್ಲಿ ನೈಲಾನ್ ಸೀರೆಯಿಂದ ಹೀಗೆಲ್ಲ ಆಗುತ್ತದೆ ಎಂದು ಅವಳಿಗೆ ತಿಳಿಸಿಕೊಟ್ಟೆ. ಅತ್ತೆ ಉಡುತ್ತಿದ್ದದ್ದು ಹತ್ತಿಯ ಸೀರೆ. ಅವರಿಗೂ ಜುಂ ಎನ್ನುತ್ತಿತ್ತು. "ಅದು ಎಂಗುಸ್ರಿಗೆ ಮಾತ್ರ ಗೊತ್ತಾಯ್ತದೆ ಅಂತ ಕಾಣ್ತದೆ" ಎಂದು ಅವರು ಫ್ರಿಜ್ಜಿಗೆ ಹೇಳಿದರು. ಬೆಕ್ಕಿಗೂ ಗೊತ್ತಾಗುತ್ತಿತ್ತು. ಫ್ರಿಜ್ಜಿನ ಪಕ್ಕದ ಬೆಚ್ಚನೆಯ ನೆಲವೇ ತನ್ನ ಹಾಸಿಗೆ ಎಂದುಕೊಂಡಿದ್ದ ಅದು ಈಗ ದೂರದಲ್ಲಿ ಕೂತು, ಮೈಯ ಕೂದಲು ನಿಮಿರಿಸಿಕೊಂಡು ಅದನ್ನೇ ನೋಡುತ್ತಿತ್ತು. ನಡುಹಗಲಿನಲ್ಲಿ, ಯಾರೂ ಮಾತಾಡದ ಮನೆಯಲ್ಲಿ, ಒಂದು ಬೆಕ್ಕು ಫ್ರಿಜ್ಜನ್ನು ಹಾಗೆ ದಿಟ್ಟಿಸುವುದನ್ನು ನೋಡುತ್ತ ಕೂತರೆ ಅರ್ಥಶಾಸ್ತ್ರ ನೆರವಿಗೆ ಬರುವುದಿಲ್ಲ.

ಇನ್ನೊಂದು ವಿಚಿತ್ರ ಅಂಗಳದಲ್ಲಿ ಶುರುವಾಯಿತು. ಅರ್ತಿಂಗ್ ಗುಂಡಿಗೆ ಅತ್ತೆ ದಿನವೂ ನೀರು ಹುಯ್ಯುತ್ತಿದ್ದರು. ಅಷ್ಟು ನೀರು ಕುಡಿದ ಮಣ್ಣನ್ನು ಖಾಲಿ ಬಿಡುವುದು ಅವರ ಒಕ್ಕಲುತನದ ಮನಸ್ಸಿಗೆ ಒಗ್ಗಲಿಲ್ಲ. ಎರಡು ಹೀರೇಬೀಜ ಊರಿದರು. ಬಳ್ಳಿ ಹಬ್ಬಿತು. ಎಲ್ಲಿಂದಲೋ ತಂತಿ ಹೊಂದಿಸಿ ಅದಕ್ಕೊಂದು ಚಪ್ಪರವನ್ನೂ ಕಟ್ಟಿದರು. ಒಂದು ದಿನ ಹೀರೇಕಾಯಿ ಕೊಯ್ಯಲು ಬಂದ ಜಯಮ್ಮ ಕೂಗಿಕೊಂಡು ಒಳಗೆ ಬಂದರು: "ಅವ್ವೋ, ನಿಮ್ಮನೆ ಈರೇಕಾಯಿ ಕಡೀತದೆ ಕಣಮ್ಮ!" ಅತ್ತೆ ಗಂಭೀರವಾಗಿ ಫ್ರಿಜ್ಜಿನ ಕಡೆ ನೋಡಿ, "ಒಳಗಿಂದು ಒರಗೂ ಓಯ್ತು" ಎಂದರು. ಸುಧಾ ಇನ್ನು ತಡೆಯಬಾರದು, ಕರೆಂಟಿನವರನ್ನು ಕರೆಸಿ ಎಂದಳು. ಭಾನುವಾರ ಕರೆಸೋಣ ಎಂದೆ. ಅವತ್ತು ಗುರುವಾರ.

ಶುಕ್ರವಾರ ನನಗೆ ನೆಗಡಿ, ಮೈಕೈ ನೋವು. ಕಾಲೇಜಿಗೆ ರಜೆ ಹಾಕಿ ಮನೆಯಲ್ಲಿದ್ದೆ. ಸುಧಾ ಶಾಲೆಗೆ ಹೋಗಿದ್ದಳು. ಮಧ್ಯಾಹ್ನ ಊಟದ ಹೊತ್ತು. ಅತ್ತೆ ನೆಲ ಒರೆಸಿದ್ದರು. ಹಾಲೆಲ್ಲ ಒದ್ದೆಯಾಗಿ ಹೊಳೆಯುತ್ತಿತ್ತು. ನಾನು ಮೇಜಿನ ಮುಂದೆ ಕೂತು ಪೇಪರು ಹಿಡಿದಿದ್ದೆ. ಅವರು ಮಜ್ಜಿಗೆ ತೆಗೆಯಲೆಂದು ಬರಿಗಾಲಿನಲ್ಲಿ ಬಂದು, ಎಂದಿನಂತೆ ಬೆನ್ನು ನನ್ನ ಕಡೆ ಮಾಡಿ ಫ್ರಿಜ್ಜಿನ ಮುಂದೆ ನಿಂತು, ಹಿಡಿಕೆಯ ಮೇಲೆ ಕೈಯಿಟ್ಟರು.

ಆಮೇಲೆ ಏನೂ ಆಗಲಿಲ್ಲ. ಇದನ್ನು ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಚೀರಲಿಲ್ಲ, ಕಿಡಿ ಹಾರಲಿಲ್ಲ, ಹೊಗೆ ಬರಲಿಲ್ಲ. ಅತ್ತೆ ನಿಂತಿದ್ದರು. ಏನೋ ಕೇಳಲು ಸಂಕೋಚಪಡುತ್ತಿದ್ದಾರೆ ಎಂದುಕೊಂಡು ನಾನು ಕಾದೆ. ಅವರು ಕೇಳಲಿಲ್ಲ. ಸಂಕೋಚ ಬಿಡಿಸೋಣವೆಂದು ನಾನೇ, "ಊಟಕ್ಕೆ ಅವಸರ ಇಲ್ಲ, ಮಾತ್ರೆ ನುಂಗಿ ಆಮೇಲೆ ಮಾಡ್ತೀನಿ" ಎಂದು ಫ್ರಿಜ್ಜಿಗೆ ಹೇಳಿದೆ. ಉತ್ತರವಿಲ್ಲ. ಅತ್ತೆಗೆ ನನ್ನ ಮೇಲೆ ಏನೋ ಬೇಜಾರಿದೆ, ನಿಂಬೆಹಣ್ಣು ನೋಡಿ ನಕ್ಕದ್ದಕ್ಕಿರಬೇಕು ಎಂದುಕೊಂಡೆ. ಸಮಾಧಾನ ಮಾಡುವ ದನಿಯಲ್ಲಿ, "ಆ ಮೆಣಸಿನಕಾಯಿ ಒಣಗಿದ್ರೆ ಬೇರೆ ಕಟ್ಟಲಿ, ನಂದೇನೂ ಅಭ್ಯಂತರ ಇಲ್ಲ" ಎಂದೆ. ಎಲ್ಲಿಂದಲೋ ಸಣ್ಣಗೆ ಕಿಣಿಕಿಣಿ ಎಂಬ ಸದ್ದು ಬರುತ್ತಿತ್ತು, ತುಂಬ ದೂರದಲ್ಲಿ ಪೂಜೆಯ ಗಂಟೆ ಬಾರಿಸುತ್ತಿದ್ದಂತೆ, ಆದರೆ ನಡುವೆ ಬಿಡುವಿಲ್ಲದೆ. ಫ್ರಿಜ್ಜು ಹೊಸದೊಂದು ರಾಗ ಕಲಿತಿದೆ ಎಂದುಕೊಂಡೆ.

ಆಗ ಅತ್ತೆಯ ತಲೆಯ ಮೇಲಿನ ಸೆರಗು ಜಾರಿತು. ಮೆಲ್ಲಗೆ ಜಾರಿ ಭುಜಕ್ಕೆ ಬಂತು, ಭುಜದಿಂದ ನೆಲಕ್ಕೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಅವರ ತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟು ಬೆಳ್ಳಗಾಗಿದೆ ಎಂದು ಗೊತ್ತಿರಲಿಲ್ಲ. ನಾನೇನು ಮಾಡಿದೆ ಗೊತ್ತೇ? ಮರ್ಯಾದೆಗಾಗಿ ಮುಖ ತಿರುಗಿಸಿ ಪೇಪರಿನಲ್ಲಿ ಕಣ್ಣು ನೆಟ್ಟೆ. ಹೆಂಗಸರ ಸೆರಗು ಜಾರಿದಾಗ ನೋಡಬಾರದು ಎಂದು ನನಗೆ ಕಲಿಸಿದ್ದರು. ಅತ್ತೆ ನನ್ನ ಎದುರಿಗೆ ಸಾಯುತ್ತಿದ್ದರು, ನಾನು ಮರ್ಯಾದಸ್ಥನಾಗಿ ಟೊಮೇಟೊ ಧಾರಣೆ ಓದುತ್ತಿದ್ದೆ.

ಕಣ್ಣು ಪೇಪರಿನಲ್ಲಿದ್ದರೂ ಪೇಪರಿನ ಕೆಳಗೆ ನೆಲ ಕಾಣುತ್ತಿತ್ತು. ಒದ್ದೆ ನೆಲದ ಮೇಲೆ ಅತ್ತೆಯ ಪಾದಗಳಿದ್ದವು. ಬೆರಳುಗಳೆಲ್ಲ ಒಳಕ್ಕೆ ಮಡಿಸಿಕೊಂಡು, ಹಕ್ಕಿಯ ಕಾಲು ಕೊಂಬೆ ಹಿಡಿದ ಹಾಗೆ, ಏನೂ ಇಲ್ಲದ ನೆಲವನ್ನು ಹಿಡಿದುಕೊಂಡಿದ್ದವು. ಆಗ ಆ ಕಿಣಿಕಿಣಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯಿತು. ಅವರ ಬಳೆಗಳು ನಡುಗುತ್ತಿದ್ದವು. ಕೈ ಅಲ್ಲಾಡುತ್ತಿರಲಿಲ್ಲ, ಬಳೆ ಮಾತ್ರ ನಡುಗುತ್ತಿದ್ದವು.

ಮೇಜಿನ ಕೆಳಗೆ ಕಳಚಿಟ್ಟಿದ್ದ ಚಪ್ಪಲಿಯನ್ನೂ ಮೆಟ್ಟದೆ ನಾನು ಹಾರಿ ಹೋದೆ. ತೋಳು ಹಿಡಿದು ಎಳೆಯಲೆಂದು ಕೈ ಚಾಚಿದೆ. ಚಾಚಿದ ಕೈ ಅಲ್ಲೇ ನಿಂತುಬಿಟ್ಟಿತು. ವಿದ್ಯುತ್ತಿನ ಭಯದಿಂದಲ್ಲ; ಅದು ಹೊಳೆದೂ ಇರಲಿಲ್ಲ. ಅತ್ತೆಯ ಮೈ ಮುಟ್ಟುವುದು ಹೇಗೆ ಎಂದು ನಿಂತಿತು. ಅಷ್ಟು ವರ್ಷ ಒಂದು ಲೋಟವನ್ನು ಸಹ ಕೈಯಿಂದ ಕೈಗೆ ಕೊಡದ ಅಭ್ಯಾಸ, ಸಾವಿನ ಮುಂದೆಯೂ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಆ ಕೈ ನಿಲ್ಲದೆ ಮುಂದೆ ಹೋಗಿದ್ದರೆ, ಅತ್ತೆಯೂ ಅಳಿಯನೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಸುಧಾ ಬರುವ ತನಕ ಅಲ್ಲೇ ನಿಂತಿರುತ್ತಿದ್ದೆವು. ಆ ಚಿತ್ರ ಈಗಲೂ ಮಳವಳ್ಳಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂರುತ್ತದೆ.

ಕರೆಂಟು ಎಂದು ಆಗ ಹೊಳೆಯಿತು. ಪ್ಲಗ್ಗು ಫ್ರಿಜ್ಜಿನ ಬೆನ್ನ ಹಿಂದೆ. ಮೇನ್ ಸ್ವಿಚ್ಚು ಹೊರಗೆ ಜಗುಲಿಯ ಕೊನೆಯಲ್ಲಿ. ಅಡುಗೆಮನೆಯ ಕಿಟಕಿಯ ಮೇಲೆ ಮುದ್ದೆ ತಿರುವುವ ಕೋಲು ಬಿಸಿಲಿಗೆ ಒಣಗುತ್ತಿತ್ತು. ಅದು ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಎತ್ತಿ ಹೊಡೆದೆ. ಅತ್ತೆಯ ಕೈ ಬಿಟ್ಟುಕೊಂಡಿತು, ಅವರು ಕಡಿದ ಬಾಳೆಯ ಹಾಗೆ ಬಿದ್ದರು, ಬೀಳುವಾಗ ಬಾಗಿಲು ತೆರೆದುಕೊಂಡು ಒಳಗಿನ ಬೆಳ್ಳನೆಯ ಬೆಳಕು ಅವರ ಮುಖದ ಮೇಲೆ ಬಿತ್ತು. ನಾನು ತಲೆಯೆತ್ತಿದರೆ ಹೊಸ್ತಿಲಲ್ಲಿ ಜಯಮ್ಮ ಕೈಗೆ ಬಟ್ಟೆ ಸುತ್ತಿಕೊಂಡು, ಮಡಿಲಲ್ಲಿ ಹೀರೇಕಾಯಿ ತುಂಬಿಕೊಂಡು ನಿಂತಿದ್ದರು. ಕೋಲು ನನ್ನ ಕೈಯಲ್ಲಿತ್ತು.

"ಅಯ್ಯಯ್ಯೋ! ಬನ್ರಪ್ಪೋ! ಮೇಷ್ಟ್ರು ಅತ್ತೇನ ಇಟ್ಟಿನ ದೊಣ್ಣೇಲಿ ಬಡುದ್ ಆಕ್ಬುಟ್ರು!"

ಹೀರೇಕಾಯಿಗಳು ಉರುಳಿದವು. "ಕರೆಂಟು, ಕರೆಂಟು" ಎಂದು ನಾನು ಕೂಗಿದೆ. ಕೋಲು ಹಿಡಿದವನ ಮಾತನ್ನು ಯಾರು ಕೇಳುತ್ತಾರೆ? ಜಯಮ್ಮ ಬೀದಿಗೆ ಓಡಿದರು, ನಾನು ಜಗುಲಿಗೆ ಓಡಿ ಮೇನ್ ಸ್ವಿಚ್ಚು ಇಳಿಸಿ ಬಂದೆ. ಅಲ್ಲಿಯ ತನಕ ತೆರೆದ ಬಾಗಿಲಿಗಾಗಿ ಟಿಂ ಟಿಂ ಎನ್ನುತ್ತಿದ್ದ ಫ್ರಿಜ್ಜು ಗಕ್ಕನೆ ನಿಂತಿತು. ಅತ್ತೆಯ ಕಣ್ಣು ತೆರೆದೇ ಇದ್ದವು. ನನ್ನನ್ನು ನೋಡುತ್ತಿದ್ದವೋ, ನನ್ನಾಚೆಗೆ ನೋಡುತ್ತಿದ್ದವೋ. ನಾನು ಪಕ್ಕದಲ್ಲಿ ಕೂತು, ಈಗ ಮುಟ್ಟಬಹುದೇ ಎಂದು ಇನ್ನೂ ಅನುಮಾನಿಸುತ್ತ, "ಅತ್ತೇ" ಎಂದೆ. ನೇರವಾಗಿ, ಅವರಿಗೇ. ಅವರ ತುಟಿ ಅಲ್ಲಾಡಿತು.

"ಬಾಗ್ಲು ಆಕಿ ಮೊದ್ಲು. ಮಜ್ಗೆ ಬಿಸಿಯಾಯ್ತದೆ."

ನನ್ನ ಅತ್ತೆ ನನಗೆ ಆಡಿದ ಮೊದಲ ಮಾತು ಅದು. ನಾನು ಅಳುವುದಕ್ಕೆ ಶುರು ಮಾಡಿದೆ. ಬಾಗಿಲು ಮಾತ್ರ ಹಾಕಲಿಲ್ಲ.

ಮದ್ದೂರಿನ ಆಸ್ಪತ್ರೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ಹೃದಯ ಸರಿಯಾಗಿದೆ, ಒಂದು ರಾತ್ರಿ ಇಲ್ಲೇ ಇರಲಿ ಎಂದರು. ಡಾಕ್ಟರು ಅಂಗೈಯ ಸುಟ್ಟ ಗೆರೆಯನ್ನು ನೋಡಿ, "ಇದು ಕರೆಂಟಿಂದು, ಸರಿ" ಎಂದು, ತೋಳನ್ನು ತಿರುಗಿಸಿ ನೋಡಿ, "ಈ ಊತ?" ಎಂದು ಕೇಳಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಅಷ್ಟರಲ್ಲಿ ಮೋಟಾರ್ ಬೈಕಿನಲ್ಲಿ ಮಾವನೂ ಮಂಜನೂ ಬಂದಿಳಿದರು. ಅವರಿಗೆ ಸುದ್ದಿ ಹೋದದ್ದು ಜಯಮ್ಮನ ಫೋನಿನಿಂದ. ಮಂಜ ಬಾಗಿಲಲ್ಲೇ ನನ್ನನ್ನು ಅಡ್ಡಹಾಕಿ, "ಏನ್ ಬಾವ, ಓದ್ದೋರು ನೀವು. ನಮ್ಮವ್ವನ ಮ್ಯಾಲೆ ದೊಣ್ಣೆ ಎತ್ತುದ್ರಂತೆ?" ಎಂದ. ಮಾವ ಬೆಂಚಿನ ಮೇಲೆ ಕೂತು, ಟವಲಿನಿಂದ ಮುಖ ಒರೆಸಿಕೊಂಡು, "ಊಟಕ್ಕೇನಾರ ಹೆಚ್ಚುಕಮ್ಮಿ ಆಯ್ತಾ ಮೇಷ್ಟ್ರೇ?" ಎಂದು ಕೇಳಿದರು. ಆ ಶಾಂತ ದನಿಗಿಂತ ಮಂಜನ ಸಿಟ್ಟೇ ವಾಸಿ ಎನ್ನಿಸಿತು. ನಾನು ಬಾಯಿ ತೆರೆಯುವ ಮುಂಚೆ ಒಳಗಿನ ಮಂಚದಿಂದ ಅತ್ತೆಯ ದನಿ ಬಂತು. "ಲೇ ಮಂಜ, ಸುಮ್ಕಿರ್ಲಾ. ಅವರು ಒಡೀದೆ ಇದ್ದಿದ್ರೆ ನೀನು ಈ ಒತ್ಗೆ ಚಟ್ಟಕ್ಕೆ ಬಿದ್ರು ಕಡೀತಾ ಇರ್ತಿದ್ದೆ ಕಣ್ಲಾ." ಮಂಜ ನನ್ನ ಕಾಲಿಗೆ ಬೀಳಲು ಬಂದ. ಅದು ಇನ್ನೂ ಕಷ್ಟವಾಯಿತು.

ಕರೆಂಟಿನವರು ಭಾನುವಾರಕ್ಕೆ ಕಾಯದೆ ಶನಿವಾರವೇ ಬಂದರು. ಫ್ರಿಜ್ಜು ಎಳೆದು ನೋಡಿದರೆ ಬೆನ್ನ ಹಿಂದಿನ ವೈರನ್ನು ಇಲಿ ಕಡಿದಿತ್ತು. ಪರಪರ ಸದ್ದು ಅದರದ್ದೇ. ಆದರೂ ಕರೆಂಟು ಭೂಮಿಗೆ ಹೋಗಬೇಕಿತ್ತಲ್ಲ ಎಂದು ಅಂಗಳಕ್ಕೆ ಹೋದರೆ ಗುಂಡಿಯಲ್ಲಿ ಕೊಳವೆಯಿದೆ, ತಂತಿಯಿಲ್ಲ. ಗೋಡೆಗುಂಟ ಹುಡುಕುತ್ತ ಹೋದರೆ ಅದು ಹೀರೇಬಳ್ಳಿಯ ಚಪ್ಪರದಲ್ಲಿ, ಅಚ್ಚುಕಟ್ಟಾಗಿ, ಮೂರು ಸುತ್ತು ಸುತ್ತಿಕೊಂಡು ಕೂತಿತ್ತು. "ಕ್ವಾಳ್ವೆಗೆ ಸುಮ್ಕೆ ಕಟ್ಟಿದ್ರು ಕಣವ್ವ, ಅದಕ್ಕೇನು ಎಮ್ಮೆನಾ ಕಟ್ಟಾಕ್ಬೇಕಿತ್ತು? ಬಳ್ಳಿಗಾದ್ರೂ ಆಗ್ಲಿ ಅಂತ ಬಿಚ್ಕಂಡೆ" ಎಂದರು ಅತ್ತೆ. ಗುಂಡಿಗೆ ಮಾತ್ರ ಒಂದು ದಿನವೂ ತಪ್ಪದೆ ನೀರು ಹುಯ್ದಿದ್ದರು. ಈಗ ತಂತಿಯನ್ನು ಮತ್ತೆ ಬಿಗಿದಿದ್ದಾರೆ, ವೈರು ಬದಲಾಯಿಸಿದ್ದಾರೆ, ಕರೆಂಟು ಸೋರಿದರೆ ತಾನೇ ಬಿದ್ದುಹೋಗುವ ಸ್ವಿಚ್ಚನ್ನು ಹಾಕಿದ್ದಾರೆ. ಫ್ರಿಜ್ಜು ಅದೇ ಜಾಗದಲ್ಲಿದೆ. ಬೆಕ್ಕು ಕೂಡ ವಾಪಸು ಹೋಗಿ ಅದರ ಪಕ್ಕ ಮಲಗುತ್ತದೆ. ನನಗಿನ್ನೂ ಅಷ್ಟು ವಿಶ್ವಾಸ ಬಂದಿಲ್ಲ. ಮಂಜುಗಡ್ಡೆ ಬೀಳುವ ಸದ್ದಿನ ಹಿಂದೆ ಕೆಲವು ಸಲ ಸಣ್ಣಗೆ ಬಳೆ ನಡುಗಿದ ಹಾಗೆ ಕೇಳುತ್ತದೆ. ತಿರುಗಿ ನೋಡಿದರೆ ಅತ್ತೆ ಹೊರಗೆ ಅಕ್ಕಿ ಆರಿಸುತ್ತಿರುತ್ತಾರೆ.

ಒಂದು ದೊಡ್ಡ ಬದಲಾವಣೆಯೆಂದರೆ ಅತ್ತೆ ಈಗ ನನ್ನ ಜೊತೆ ನೇರವಾಗಿ ಮಾತಾಡುತ್ತಾರೆ. ಒಮ್ಮೆ ಏಟು ತಿಂದ ಮೇಲೆ ಇನ್ನೆಂಥ ಸಂಕೋಚ ಎಂದು ಅವರು ತೀರ್ಮಾನಿಸಿದ ಹಾಗಿದೆ. ನಡುವಿನ ದಲ್ಲಾಳಿಯನ್ನು ತೆಗೆದುಹಾಕಿದರೆ ಗ್ರಾಹಕನಿಗೆ ಲಾಭ ಎಂದು ನಾನು ಎಷ್ಟೋ ವರ್ಷದಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಅದು ತಪ್ಪು. "ಅಳೀಮಯ್ಯ, ಒದ್ದೆ ಟವಲ್ಲ ಆಸ್ಗೆ ಮ್ಯಾಲೆ ಬಿಸಾಕ್ಬ್ಯಾಡಿ." "ಅಳೀಮಯ್ಯ, ಒಸಿ ನಡುದಾಡಿ, ಒಟ್ಟೆ ಮುಂದುಕ್ ಬತ್ತಾ ಅದೆ." ಇಷ್ಟು ವರ್ಷ ಸುಧಾ ಅಡುಗೆಮನೆಯೊಳಗೇ ಎಷ್ಟನ್ನು ನುಂಗಿಕೊಂಡು, ಎಷ್ಟನ್ನು ಮಾತ್ರ ನನಗೆ ದಾಟಿಸುತ್ತಿದ್ದಳು ಎಂಬುದು ಈಗ ಅರ್ಥವಾಗುತ್ತಿದೆ.

ಮೊನ್ನೆ ಅವರು ಮಜ್ಜಿಗೆಯ ಲೋಟವನ್ನು ನನ್ನ ಕೈಗೇ ಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂತರು. ತೋಳಿನ ಸೆರಗನ್ನು ಸ್ವಲ್ಪ ಸರಿಸಿದರು. ಮಣಿಕಟ್ಟಿನ ಹತ್ತಿರ ಒಂದು ಬಾಸುಂಡೆಯ ಗುರುತು, ಇನ್ನೂ ಮಾಸಿರಲಿಲ್ಲ. ಭುಜದ ಕೆಳಗೆ ಇನ್ನೊಂದು.

"ಒಂದ್ ಮಾತು ಕೇಳ್ಬೇಕು ಅನ್ಕಂಡಿದ್ದೆ ಅಳೀಮಯ್ಯ," ಎಂದರು. ಸಿಟ್ಟಿರಲಿಲ್ಲ, ಊರಿನ ವಿಷಯ ವಿಚಾರಿಸುವ ಹಾಗೆ ಇತ್ತು ದನಿ. "ಮೊದ್ಲೇಟ್ಗೇ ಕೈ ಬುಟ್ಕಂತು. ನಾನು ನೆಲಕ್ಕೆ ಬಿದ್ದೆ. ಬಿದ್ದ ಮ್ಯಾಲೆ ಇನ್ನೊಂದು ಬಿತ್ತಲ್ಲ, ಅದ್ಯಾಕೆ?"

ನಾನು ಒಂದೇ ಏಟು ಹೊಡೆದದ್ದು. ಇದನ್ನು ನಾನು ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಆ ಮಧ್ಯಾಹ್ನವನ್ನು ನಾನು ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಪಾಠದ ನಡುವೆ ಎಷ್ಟು ಸಲ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿದ್ದೇನೆಂದರೆ ಅತ್ತೆಯ ಕಾಲಿನ ಒಂದೊಂದು ಬೆರಳೂ ನನಗೆ ಬೇರೆ ಬೇರೆಯಾಗಿ ನೆನಪಿದೆ. ಏಟು ಒಂದೇ. ಹಾಗೆಂದು ಖಚಿತ ಮಾಡಿಕೊಳ್ಳಲೆಂದೇ ನಾನು ಹಿಂದೊಮ್ಮೆ ಜಯಮ್ಮನನ್ನೂ ಕೇಳಿದ್ದೆ, ನೀವು ನೋಡಿದ್ದೇನು ಎಂದು. "ನಾ ಒಳಕ್ಕೆ ಕಾಲಿಡೋ ಒತ್ಗೆ ಅವ್ವ ಆಗ್ಲೇ ನೆಲದ್ ಮ್ಯಾಲಿತ್ತು ಮೇಷ್ಟ್ರೇ, ದೊಣ್ಣೆ ಮ್ಯಾಲಿತ್ತು. ಬಂತು ನೋಡಿ ದಪ್ಪಂತ!" ಎಂದಿದ್ದರು. ಆ ಹೆಂಗಸಿಗೆ ಮೊದಲಿನಿಂದಲೂ ಸ್ವಲ್ಪ ಬಣ್ಣ ಕಟ್ಟಿ ಹೇಳುವ ಚಟ ಎಂದು ಆಗ ಬಿಟ್ಟುಬಿಟ್ಟಿದ್ದೆ.

"ಗಾಬರಿ ಅತ್ತೆ," ಎಂದೆ. "ಗಾಬರಿಯಲ್ಲಿ ಮನುಷ್ಯನಿಗೆ ಏನು ಮಾಡ್ತಿದೀನಿ ಅಂತ ಗೊತ್ತಾಗಲ್ಲ."

ಅತ್ತೆ ಖಾಲಿ ಲೋಟ ತೆಗೆದುಕೊಂಡು ಎದ್ದರು. ಒಂದು ಕ್ಷಣ ನನ್ನನ್ನೇ ನೋಡಿದರು, ಬೆಕ್ಕು ನೋಡಿದ ಹಾಗೆ.

"ಗಾಬ್ರಿಗೆ ಅಷ್ಟು ಗುರಿ ಇರ್ತದಾ ಅಳೀಮಯ್ಯ?" ಎಂದು ಕೇಳಿ ಒಳಗೆ ಹೋದರು.

ಅಂದಿನಿಂದ ಆ ಮಧ್ಯಾಹ್ನವನ್ನು ಓಡಿಸಿ ನೋಡುವುದನ್ನು ನಾನು ಮೊದಲ ಏಟಿಗೇ ನಿಲ್ಲಿಸಿಬಿಡುತ್ತೇನೆ. ಮುಂದೆ ಹೋಗಿ ನೋಡುವಷ್ಟು ಧೈರ್ಯ ನನಗಿಲ್ಲ.